ಇಪ್ಪತ್ನಾಲ್ಕು ಬೆಂಚುಗಳ ದಿಗ್ವಿಜಯ

ವರ್ಷಕ್ಕೊಂದು ವಾರ ಭಾಗಣ್ಣನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಒಂದು ಅಸ್ಥಿಪಂಜರ ಬೆಲ್ಟು ಬಿಗಿದುಕೊಂಡು ಕೂತಿರುತ್ತಿತ್ತು. ಪ್ಲಾಸ್ಟಿಕ್ಕಿನದು, ವಿಜ್ಞಾನದ ಪಾಠಕ್ಕೆಂದು ಹುಟ್ಟಿದ್ದು. ಮೊದಲ ವರ್ಷ ಹಿಂದೆ ಸಾಮಾನಿನ ಜೊತೆ ಮಲಗಿಸಿದಾಗ ಚಿತ್ತಾಪುರದ ರಸ್ತೆಯ ಒಂದು ತಗ್ಗಿನಲ್ಲಿ ಅದರ ಎಡಗೈ ಹೋಯಿತು. ಅಂದಿನಿಂದ ಭಾಗಣ್ಣ ಅದನ್ನು ಪಕ್ಕದಲ್ಲೇ ಕೂರಿಸಿಕೊಂಡು ‘ಕಾಕಾ’ ಎಂದು ಕರೆಯತೊಡಗಿದ. ಪೊಲೀಸರು ಒಳಗೆ ಇಣುಕಿ ಎರಡು ಹೆಜ್ಜೆ ಹಿಂದೆ ಸರಿದರೆ, “ನಮ್ಮ ಕಾಕಾ ಅದಾರ್ರಿ ಸಾಹೇಬ್ರ. ಬೆಲ್ಟ್ ಹಾಕ್ಯಾರ ನೋಡ್ರಿ, ದಂಡ ಹಾಕ್ಲಿಕ್ಕ ಬರಂಗಿಲ್ಲ” ಅನ್ನುತ್ತಿದ್ದ.

ಕಾಕಾನ ಬೆನ್ನ ಹಿಂದೆ ಚತುರಂಗ ಬಲ. ಕಾಲು ಮೇಲಾಗಿ ಒಂದರ ಮೇಲೊಂದು ಹೇರಿದ ಇಪ್ಪತ್ನಾಲ್ಕು ಬೆಂಚು. ಮೂರು ಕಂಪ್ಯೂಟರು, ಅದರಲ್ಲಿ ಎರಡರ ಹೊಟ್ಟೆ ಖಾಲಿ. ನೀರು ಶುದ್ಧ ಮಾಡುವ ಒಂದು ಯಂತ್ರ. ಪುಸ್ತಕ ತುಂಬಿದ ಗಾಜಿನ ಅಲಮಾರಿ; ಅದರ ಕೀಲಿಕೈ ಎಂದೋ ಕಳೆದಿದ್ದರಿಂದ ಪುಸ್ತಕಗಳು ಅಂಗಡಿಯಿಂದ ಬಂದ ದಿನದ ಹಾಗೇ ಹೊಳೆಯುತ್ತಿದ್ದವು.

ಈ ಸೇನೆ ಯಾವ ಶಾಲೆಗೂ ಸೇರಿದ್ದಲ್ಲ. ಯಾರೋ ಪುಣ್ಯಾತ್ಮರು ಹಳ್ಳಿ ಶಾಲೆಗಳಿಗೆ ಹಂಚಿ ಎಂದು ದಾನ ಕೊಟ್ಟಿದ್ದರು. ಆದರೆ ಒಂದು ಶಾಲೆಗೆ ಕೊಟ್ಟರೆ ಮಿಕ್ಕವು ಕೇಳುತ್ತವೆ, ಕೇಳಿದರೆ ಉತ್ತರ ಬರೆಯಬೇಕು. ಅಷ್ಟು ಬರೆಯುವ ಕಷ್ಟ ಯಾರಿಗೆ ಬೇಕು ಎಂದು ಶಿಕ್ಷಣ ಇಲಾಖೆಯ ಕಚೇರಿಯವರು ಎಲ್ಲವನ್ನೂ ಗೋದಾಮಿಗೆ ಹಾಕಿ ಬೀಗ ಜಡಿದರು. ಆಗ ಮೇಲ್ವಿಚಾರಕ ಅಶೋಕಕುಮಾರ ಸಾಹೇಬರ ತಲೆಯಲ್ಲಿ ಬೆಳಕು ಹೊತ್ತಿತು. ಪ್ರತಿ ಜನವರಿಯಲ್ಲಿ ‘ಸಾಧನಾ ಸಮಿತಿ’ ಎಂಬ ಮೂವರು ದೂರದ ಊರಿನಿಂದ ಬಂದು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಿನ ತಲಾ ಒಂದು ಹಳ್ಳಿ ಶಾಲೆಯನ್ನು ನೋಡಿ, ವರ್ಷದಲ್ಲಿ ಏನು ಸಾಧಿಸಿದಿರಿ, ಏನು ಬೇಕು ಎಂದು ಬರೆದುಕೊಂಡು ಹೋಗುತ್ತಿದ್ದರು. ದಿನಕ್ಕೊಂದು ಶಾಲೆ. ಸಮಿತಿ ಊಟಕ್ಕೆ ಎದ್ದ ಕೂಡಲೇ ಸೇನೆ ಗಾಡಿ ಏರಬೇಕು. ಮರುದಿನ ಸಮಿತಿ ಹಲ್ಲುಜ್ಜುವುದರೊಳಗೆ ಮುಂದಿನ ಶಾಲೆಯಲ್ಲಿ ಸಾಲುಗಟ್ಟಿ ನಿಂತಿರಬೇಕು. ಐದೂ ಕಡೆ ಅವೇ ಬೆಂಚು, ಐದೂ ಕಡೆ ‘ಸೌಲಭ್ಯ: ಸಮರ್ಪಕ’, ಐದೂ ಕಡೆ ‘ಬೇಡಿಕೆ: ಇಲ್ಲ’. ಹಿಂದಿನ ಕಾಲದ ರಾಜರು ಒಂದು ಕುದುರೆ ಬಿಟ್ಟು ಊರೂರು ಗೆದ್ದರಂತೆ. ಸಾಹೇಬರಿಗೆ ಕುದುರೆಯೂ ಬೇಕಾಗಲಿಲ್ಲ.

ಸಾರಥಿ ಭಾಗಣ್ಣ ಚಿಂಚೋಳಿ ಕಡೆ, ಚಂದಾಪುರದ ಆಚೆ ಮುಲ್ಲಾಮಾರಿ ಹೊಳೆಯ ದಂಡೆಯವನು. ಅಜ್ಜ ಬಲೆ ಬೀಸಿದವನು, ಅಪ್ಪ ಮಂದಿಯ ಹೊಲದಲ್ಲಿ ದುಡಿದವನು. ಭಾಗಣ್ಣ ಆರನೇ ಇಯತ್ತೆಗೆ ಶಾಲೆ ಬಿಟ್ಟು, ಲಾರಿ ತೊಳೆಯುತ್ತ ಲಾರಿ ಕಲಿತು, ಶಹಾಬಾದಿನ ಖಣಿಗಳಿಂದ ಹದಿನೆಂಟು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸಾಗಿಸಿದ. ಖಣಿಯಲ್ಲಿ ಅವನು ಕಲಿತದ್ದು ಒಂದೇ ಪಾಠ: ಕಾಗದವಿಲ್ಲದೆ ಒಂದು ಕಲ್ಲೂ ಅಲುಗಬಾರದು. ಒಮ್ಮೆ ಪರ್ಮಿಟ್ ಚೀಟಿಯಲ್ಲಿ ಇನ್ನೂರು ಫರ್ಸಿ ಎಂದಿತ್ತು, ಲಾರಿಯಲ್ಲಿ ಇನ್ನೂರ ಹನ್ನೆರಡು ಇದ್ದವು. ಹೇರಿದವರು ಮನೆಗೆ ಹೋಗಿ ಉಂಡು ಮಲಗಿದರು, ಭಾಗಣ್ಣ ಠಾಣೆಯಲ್ಲಿ ಒಂದು ದಿನ ಕೂತ. ಅವನು ಜೀವಮಾನದಲ್ಲಿ ಕೂತ ಮೊದಲ ಸರಕಾರಿ ಬೆಂಚು ಅದೇ. ಶಾಲೆಯಲ್ಲಿ ಅಂಥದ್ದು ಇರಲಿಲ್ಲ. ಅಂದಿನಿಂದ ಹೇರುವ ಪ್ರತಿ ಸಾಮಾನಿಗೂ ಕಾಗದ ಕೇಳುವುದು ಅವನ ವ್ರತವಾಯಿತು. ಫೋನಿನಲ್ಲಿ ಕ್ಯಾಮೆರಾ ಬಂದ ಮೇಲೆ ಕಾಗದದ ಫೋಟೋ ಹಿಡಿಯುವುದೂ ಸೇರಿತು. ಸ್ವಂತ ಗಾಡಿ ಕೊಂಡ ಮೇಲೂ ಬಿಡಲಿಲ್ಲ. ಮದುವೆಮನೆಯ ಪಾತ್ರೆ ಒಯ್ಯುವಾಗಲೂ ಕೇಳಿ ಬೈಸಿಕೊಂಡದ್ದುಂಟು.

ಮೂರು ವರ್ಷ ಈ ದಂಡಯಾತ್ರೆಯನ್ನು ಅವನು ನಗುತ್ತಲೇ ಮಾಡಿದ. ದೊಡ್ಡವರಿಗೆ ಟೋಪಿ ಹಾಕುವ ಕೆಲಸದಲ್ಲಿ ಯಾರಿಗೆ ಮಜಾ ಇರುವುದಿಲ್ಲ? ಆ ಟೋಪಿ ಬೀಳುತ್ತಿರುವುದು ಮಕ್ಕಳ ತಲೆಯ ಮೇಲೆ ಎಂದು ತಿಳಿಯಲು ಅವನ ಮಗಳು ಅಂಬುಜಾ ಬೀಳಬೇಕಾಯಿತು.

ಊರ ಶಾಲೆಯ ಬಾಗಿಲಿಗೆ ಎರಡು ಮೆಟ್ಟಿಲಿದ್ದವು; ಒಂದು ಕಿತ್ತುಹೋಗಿ ಎಂಟು ವರ್ಷವಾಗಿತ್ತು. ಊರ ಮುಂದಿನ ರಸ್ತೆಯಲ್ಲಿ ದಿನವೂ ಸಿಮೆಂಟಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು, ಶಾಲೆಯ ಮೆಟ್ಟಿಲಿಗೆ ಮಾತ್ರ ಒಂದು ಬೊಗಸೆ ಸಿಮೆಂಟು ಹುಟ್ಟಿರಲಿಲ್ಲ. ಮಳೆಯ ದಿನ ಅಂಬುಜಾ ಅಲ್ಲಿ ಜಾರಿ ಬಿದ್ದಳು, ಮೊಣಕಾಲಿನ ಚಿಪ್ಪು ಒಡೆಯಿತು. ಕೂಡಿತು, ಆದರೆ ಮಡಚಲಾಗದ ಹಾಗೆ ಕೂಡಿತು. ಏಳನೇ ಇಯತ್ತೆಯಲ್ಲಿ ಮುಂದಿನ ಸಾಲಿನಲ್ಲಿದ್ದ ಹುಡುಗಿ ಈಗ ಹಿಂದಿನ ಗೋಡೆಗೆ ಒರಗಿ, ಕಾಲು ಉದ್ದ ಚಾಚಿಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಹುಡುಗರು ಅವಳ ಕಾಲು ದಾಟಿಕೊಂಡು ಓಡಾಡುತ್ತಿದ್ದರು, ಒಮ್ಮೊಮ್ಮೆ ತುಳಿಯುತ್ತಲೂ ಇದ್ದರು.

“ಏಳನೇ ಮುಗೀಲಿ ಅಪ್ಪಾ, ಸಾಕು” ಅಂದಳು ಒಂದು ದಿನ. “ಕುಂದ್ರಾಕ ಆಗ್ವಲ್ದು.”

“ಅಕಿ ಕಾಲು ನೋಡ್ರಿ, ಸಂಜಿಗೆ ಬಾತು ಬರ್ತದ” ಅಂದಳು ಹೆಂಡತಿ ಸಾಬಮ್ಮ. “ಹೋಗು ಅನ್ನಲಿಕ್ಕ ನನಗ ಬಾಯಿ ಬರಂಗಿಲ್ಲ.”

ಅವಳು ಬಿದ್ದ ವಾರವೇ ಭಾಗಣ್ಣ ಒಂದು ದಪ್ಪ ಫರ್ಸಿ ತಂದು ತಾನೇ ಮೆಟ್ಟಿಲು ಕೂರಿಸಿದ್ದ. ಡಿಸೆಂಬರಿನ ಕೊನೆಗೆ ಕಚೇರಿಯ ಬಣ್ಣಬಣ್ಣದ ಸಾಧನೆಯ ಪುಸ್ತಕ ಬಂತು. ಅದರಲ್ಲಿ ‘ನೂತನ ಮೆಟ್ಟಿಲು ನಿರ್ಮಾಣ’ ಎಂದು ಅವನ ಕಲ್ಲಿನ ಫೋಟೋ ಇತ್ತು. ಕೆಳಗೆ ‘ತಾಲೂಕು ಪ್ರಬಂಧ ಸ್ಪರ್ಧೆಯಲ್ಲಿ ಕು. ಅಂಬುಜಾ ಪ್ರಥಮ’ ಎಂದು ಅವನ ಮಗಳ ಫೋಟೋ, ಕಾಲು ಕಾಣದ ಹಾಗೆ ಕತ್ತರಿಸಿದ್ದು. ಆ ಪುಸ್ತಕ ಅಚ್ಚಾಗುವ ಮೊದಲು ಬೇಡಿಕೆಯ ಪುಟದಲ್ಲಿ ಊರ ಶಾಲೆಯ ಮುಖ್ಯೋಪಾಧ್ಯಾಯಿನಿ ದಾನೇಶ್ವರಿ ಮೇಡಂ ಬೆಂಚು ಬೇಕು ಎಂದು ಬರೆದು ಕಳಿಸಿದ್ದರು. ‘ಕೊರತೆ ಬರೆದರೆ ಸಾಧನೆ ಕಡಿಮೆ ಕಾಣುತ್ತದೆ’ ಎಂಬ ಕೆಂಪು ಅಕ್ಷರದೊಂದಿಗೆ ಅದು ಮರಳಿ ಬಂದಿತ್ತು. ಭಾಗಣ್ಣ ಆ ಪುಸ್ತಕವನ್ನು ಎರಡು ಸಲ ಓದಿದ. ಮೂರನೇ ಸಲ ಓದಲು ಅದು ಇರಲಿಲ್ಲ, ಒಲೆಗೆ ಹೋಗಿತ್ತು.

ನಾಲ್ಕನೆಯ ವರ್ಷದ ಪಟ್ಟಿಯಲ್ಲಿ ಐದನೆಯ ಶಾಲೆ ಅವನ ಊರಿನದೇ ಇತ್ತು. ಭಾಗಣ್ಣ ಟೋಪಿ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ನಿಂತ.

“ಕಡೀ ಸಾಲಿ ನಮ್ಮೂರಿಂದರಿ. ಅದಾದ ಮ್ಯಾಲ ಬೆಂಚು ಗೋದಾಮಿನಾಗ ಸುಮ್ನ ಬೀಳ್ತಾವ. ಅಲ್ಲೇ ಬಿಟ್ಟು ಬರ್ಲೇನ್ರಿ?”

“ಬಿಟ್ಟು ಬಂದ್ರ ಮುಂದಿನ ವರ್ಷ ಏನು ಹೇರ್ತಿ? ನಿನ್ನ ತಲಿ?” ಅಂದರು ಸಾಹೇಬರು. “ಈ ಸಲ ಹೊಸ ಕಾನೂನು ಬಂದದ. ಸಾಲ್ಯಾಗ ಏನೇನು ಅದ ಅಂತ ಪಟ್ಟಿ ಮಾಡಿ, ನಾ ಸಹಿ ಮಾಡಿ, ಗ್ವಾಡಿಗೆ ಅಂಟಸಬೇಕಂತ. ಅಂಟು ಡಬ್ಬಿನೂ ಗಾಡ್ಯಾಗ ಇಟ್ಕೊ.”

ಎಂದಿನಂತೆ ಸಹಿ ಹಾಕಿದ ಒಂದು ಚೀಟಿಯನ್ನೂ ಕೊಟ್ಟರು: ‘ಕಚೇರಿ ಸಾಮಾನು, ಸಾಗಿಸಲು ಅನುಮತಿ ಇದೆ.’ ಭಾಗಣ್ಣ ಫೋಟೋ ಹಿಡಿದ.

ಸೋಮವಾರ ಸೇಡಂ ಕಡೆಯ ಶಾಲೆ ಬಿತ್ತು. ಮಂಗಳವಾರ ಚಿತ್ತಾಪುರದ್ದು ಶರಣಾಯಿತು. ಬುಧವಾರ ವಾಡಿಯ ಹತ್ತಿರ ಸಮಿತಿಯ ಒಬ್ಬರು ಕಾಕಾನ ಮುಂದೆ ನಿಂತುಬಿಟ್ಟರು. “ನಿನ್ನೆಯದಕ್ಕೂ ಎಡಗೈ ಇರಲಿಲ್ಲವಲ್ಲ?”

“ಒಂದೇ ಅಂಗಡಿ ಮಾಲು ಸರ್, ಎಲ್ಲವೂ ಹಂಗೇ ಬಂದಾವ” ಅಂದರು ಅಶೋಕಕುಮಾರ. ಸಮಿತಿ ತಲೆಯಾಡಿಸಿ ಚಹಾಕ್ಕೆ ಹೋಯಿತು.

ಗುರುವಾರ ಶಹಾಬಾದಿನ ಕಡೆ. ದೇಶದ ಮನೆಗಳಿಗೆಲ್ಲ ಕಲ್ಲು ಹಾಸಿದ ಊರಿನ ಮಗ್ಗುಲಿನ ಆ ಶಾಲೆಯಲ್ಲಿ ಮಕ್ಕಳು ಆ ಕಲ್ಲಿನ ಮೇಲೇ, ಜನವರಿಯ ಚಳಿಯಲ್ಲಿ, ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಮಧ್ಯಾಹ್ನ ಬೆಂಚು ಗಾಡಿ ಏರುತ್ತಿದ್ದಾಗ ಎರಡು ಜಡೆಯ ಹುಡುಗಿಯೊಬ್ಬಳು ಗೋಡೆಯ ಕಾಗದವನ್ನು ಬೆರಳಿಟ್ಟು ಓದಿದಳು: “ಬೆಂಚುಗಳು, ಇಪ್ಪತ್ನಾಲ್ಕು, ಇವೆ.” ಆಮೇಲೆ ಗಾಡಿಯ ಕಡೆ ತಿರುಗಿದಳು.

“ಮಾಮಾ, ಇಲ್ಲಿ ಅವ ಅಂತ ಬರ್ದಾರ. ನೀವು ಒಯ್ಲಿಕತ್ತೀರಿ. ಖರೆ ಯಾವುದು?”

ಭಾಗಣ್ಣ ಕೊನೆಯ ಬೆಂಚು ಹೇರಿ ಹಗ್ಗ ಬಿಗಿದ. ಹಿಂದಿನ ಮೂರೂ ಶಾಲೆಗಳಲ್ಲಿ ಮಾಡಿದಂತೆ ಗೋಡೆಯ ಕಾಗದದ ಫೋಟೋ ಹಿಡಿದುಕೊಂಡು ಗಾಡಿ ಹತ್ತಿದ. ಚಿಂಚೋಳಿಯ ದಾರಿಯುದ್ದಕ್ಕೂ ಬೈದ. ಸಾಹೇಬರನ್ನು ಬೈದ, ಸಮಿತಿಯನ್ನು ಬೈದ, ಕಡೆಗೆ ಪಕ್ಕಕ್ಕೆ ತಿರುಗಿ, “ನೀನೂ ಹಂಗೇ, ನಾನೂ ಹಂಗೇ ಕಾಕಾ. ಕುಂದ್ರಿಸಿದಲ್ಲಿ ಕುಂದ್ರವ್ರು” ಅಂದ. ಕಾಕಾ ಹಲ್ಲು ಕಿರಿದುಕೊಂಡೇ ಇದ್ದ.

ಶುಕ್ರವಾರ ಊರ ಶಾಲೆಗೆ ಬೆಂಚು ಬಂದವು. ಅಂಬುಜಾ ಮುಂದಿನ ಸಾಲಿನಲ್ಲಿ, ಸಾಲಿನ ತುದಿಗೆ ಕೂತಳು. ಮಡಚಲಾಗದ ಕಾಲು ಸಾಲಿನ ಹೊರಗೆ ಓರೆಯಾಗಿ ಚಾಚಿ ಆರಾಮವಾಗಿ ನೆಲ ಮುಟ್ಟಿತು. ಬೆಂಚಿನ ಹಲಗೆಯನ್ನು ಎರಡೂ ಅಂಗೈಯಿಂದ ಒಮ್ಮೆ ಸವರಿದಳು. ಸಮಿತಿಯವರು ಅವಳಿಗೆ ಹದಿನೇಳರ ಮಗ್ಗಿ ಕೇಳಿದರು, ಅವಳು ಹತ್ತೊಂಬತ್ತರದೂ ಹೇಳಿದಳು. ಚಪ್ಪಾಳೆ ಬಿತ್ತು. ಗೋಡೆಗೆ ಕಾಗದ ಅಂಟಿತು. ಸಮಿತಿ ಊಟಕ್ಕೆ ಹೋಯಿತು.

“ಏ ಭಾಗಣ್ಣ, ಜಲ್ದಿ ಲೋಡ್ ಮಾಡು.”

ಭಾಗಣ್ಣ ತಾನೇ ಕೂರಿಸಿದ ಮೆಟ್ಟಿಲ ಮೇಲೆ ಕೂತಿದ್ದ. ಏಳಲಿಲ್ಲ.

“ಕಾಗದ ಕೊಡ್ರಿ.”

“ಯಾವ ಕಾಗದ? ಮೊದಲೇ ಚೀಟಿ ಕೊಟ್ಟೀನಲ್ಲ?”

ಭಾಗಣ್ಣ ಎದ್ದ. ಕಿಸೆಯಿಂದ ಚೀಟಿ ತೆಗೆದು ಗೋಡೆಯ ಕಾಗದದ ಪಕ್ಕ ಹಿಡಿದ. “ಈ ಚೀಟಿ ಮ್ಯಾಲ ಕಚೇರಿ ಸಾಮಾನ ಅಂತದ. ಈ ಗ್ವಾಡಿ ಮ್ಯಾಲ ಸಾಲಿ ಸಾಮಾನ ಅಂತದ. ಎರಡಕ್ಕೂ ಸಹಿ ನಿಮ್ಮದೇ. ಯಾವುದು ಸುಳ್ಳು ಹೇಳ್ರಿ ಸಾಹೇಬ್ರ, ಅದನ್ನ ಹರದು ಒಗೀತೀನಿ.”

“ನನಗ ಕಾನೂನು ಕಲಸ್ತಿಯೇನಲೇ?”

“ಕಾನೂನು ನಾ ಓದಿಲ್ರಿ. ಹನ್ನೆರಡು ಫರ್ಸಿಗೆ ಠಾಣೆದಾಗ ಒಂದು ದಿನ ಕುಂತೀನಿ. ಇಪ್ಪತ್ನಾಕು ಸರಕಾರಿ ಬೆಂಚು ಸಾಲ್ಯಾಗಿಂದ ಎತ್ತಿದ್ರ ಎಷ್ಟು ದಿನ ಆಗ್ತದ, ಲೆಕ್ಕ ನೀವೇ ಹಾಕ್ರಿ.”

ಸಾಹೇಬರ ಮುಖ ಬಿಸಿಲಿಗೆ ಕಾದ ಕಲ್ಲಿನಂತಾಯಿತು. ಅವರು ದಾನೇಶ್ವರಿ ಮೇಡಂ ಕಡೆ ತಿರುಗಿದರು. “ಮೇಡಂ, ಇವನಿಗೆ ಹೇಳ್ರಿ.”

ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ‘ಹೌದು ಸರ್’ ಬಿಟ್ಟು ಬೇರೆ ಹೇಳದ ಮೇಡಂ ದಾಸ್ತಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. “ಸರ್, ಪಟ್ಟಿದಾಗ ಇದ್ದದ್ದು ಪುಸ್ತಕದಾಗ ಏರಿಸಬೇಕಲ್ರಿ. ಏರಿಸೀನಿ. ಸಮಿತಿಯವ್ರೂ ಸಹಿ ಹಾಕ್ಯಾರ. ಒಯ್ಯೂದಿದ್ರ... ಯಾಕ ಒಯ್ಲಿಕತ್ತೀರಿ ಅಂತ ಬರದು ಕೊಡ್ರಿ.”

“ಬ್ಯಾರೆ ಗಾಡಿ ತರಸ್ತೀನಿ!”

“ತರಸ್ರಿ” ಅಂದ ಭಾಗಣ್ಣ. “ಆ ಡ್ರೈವರಗೂ ಗ್ವಾಡಿ ಓದಿ ಹೇಳ್ತೀನಿ.”

“ನಿನಗ ಕನ್ನಡಕ ಇಲ್ಲಪ್ಪಾ, ನಾ ಓದ್ತೀನಿ ಬಿಡು” ಎಂದು ಒಳಗಿನಿಂದ ಅಂಬುಜಾ ಕೂಗಿ, ಕೂತಲ್ಲಿಂದಲೇ ಪ್ರಬಂಧ ಓದುವ ದನಿಯಲ್ಲಿ ಶುರು ಮಾಡಿದಳು: “ಬೆಂಚುಗಳು, ಇಪ್ಪತ್ನಾಲ್ಕು, ಇವೆ!” ತರಗತಿಯೆಲ್ಲ ಮಗ್ಗಿ ಹೇಳುವ ಹಾಗೆ ಅದನ್ನೇ ಮತ್ತೆ ಹೇಳಿತು. ಬೀದಿಯಲ್ಲಿ ಹೋಗುತ್ತಿದ್ದವರು ಶಾಲೆಯ ಅಂಗಳಕ್ಕೆ ಬಂದು ನಿಂತರು.

ಸಾಹೇಬರು ಜೀಪಿನ ಕಡೆ ನಡೆದರು. ಅವರು ಗೆದ್ದ ಕೋಟೆಯೊಂದು ಹೀಗೆ ಅವರ ಸಹಿ ತೋರಿಸಿಯೇ ಬಾಗಿಲು ಹಾಕಿಕೊಂಡಿತು. ಆದರೆ ಭಾಗಣ್ಣನ ಸಿಟ್ಟು ಅಲ್ಲಿಗೆ ನಿಲ್ಲಲಿಲ್ಲ. ಅವನು ಜೀಪಿನ ಕಿಟಕಿಗೆ ಫೋನು ಹಿಡಿದು ಒಂದೊಂದೇ ಫೋಟೋ ಸರಿಸಿದ.

“ಇದು ಸೇಡಂ ಕಡಿಂದು. ಇದು ಚಿತ್ತಾಪುರ. ಇದು ವಾಡಿ. ಇದು ಶಹಾಬಾದ, ಇಲ್ಲಿ ಒಂದು ಹುಡುಗಿ ನನ್ನ ಮರ್ಯಾದಿ ತಗದಾಳ. ಐದು ಗ್ವಾಡಿ, ಐದು ಸಹಿ, ನೂರಾ ಇಪ್ಪತ್ತು ಬೆಂಚು. ಇಪ್ಪತ್ನಾಕು ಮುಟ್ಟಾವ. ಉಳದ ತೊಂಬತ್ತಾರು ಎಲ್ಲಿಂದ ಹೇರ್ಲಿ ಹೇಳ್ರಿ, ಗಾಡಿ ತಯಾರದ.”

“ನಿನ್ನ ಗಾಡಿಗೆ ಇನ್ನ ನಮ್ಮ ಕಚೇರ್ಯಾಗ ಕೆಲಸ ಇಲ್ಲ.”

“ಕೆಲಸ ಭಾಳ ಅದರಿ. ತೊಂಬತ್ತಾರು ಬೆಂಚಿನಷ್ಟು ಅದ.”

ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಮೇಡಂ ಬರೆದುಕೊಟ್ಟ ಎರವಲು ಚೀಟಿಯ ಫೋಟೋ ಹಿಡಿದು ಭಾಗಣ್ಣ ಕಾಕಾನೊಬ್ಬನನ್ನು ಮಾತ್ರ ಮತ್ತೆ ಮುಂದಿನ ಸೀಟಿಗೆ ಏರಿಸಿದ.

ಅಂಬುಜಾ ಎಂಟನೇ ಇಯತ್ತೆಗೆ ಹೆಸರು ಹಚ್ಚಿಸಿದ್ದಾಳೆ, ಅದೇ ಶಾಲೆಯಲ್ಲಿ, ಅದೇ ಸಾಲಿನ ತುದಿಯ ಬೆಂಚಿನಲ್ಲಿ. ದಾನೇಶ್ವರಿ ಮೇಡಂಗೆ ಕಾರಣ ಕೇಳಿ ಒಂದು ನೋಟಿಸು ಬಂತು. ಅವರು ಉತ್ತರದ ಬದಲು ಗೋಡೆಯ ಕಾಗದದ ಪ್ರತಿ ಕಳಿಸಿದರು, ಆಮೇಲೆ ಎರಡನೆಯದು ಬರಲಿಲ್ಲ. ಭಾಗಣ್ಣನಿಗೂ ಒಂದು ಬಂತು: ಕಚೇರಿಯ ಅಸ್ಥಿಪಂಜರವನ್ನು ಕೂಡಲೇ ಮರಳಿಸತಕ್ಕದ್ದು. ಅವನು ಅದರ ಹಿಂಬದಿಯಲ್ಲಿ ಮಗಳ ಕೈಯಿಂದ ಬರೆಸಿದ: ‘ಕಾಕಾ ಐದು ಶಾಲೆಗಳಲ್ಲಿ ಇದ್ದಾರೆಂದು ತಮ್ಮ ಸಹಿ ಇದೆ. ಯಾವ ಶಾಲೆಗೆ ಬಿಡಬೇಕು ತಿಳಿಸಿರಿ.’

ಆ ನಾಲ್ಕು ಶಾಲೆಗಳಲ್ಲಿ ಮಕ್ಕಳು ಇನ್ನೂ ನೆಲದ ಮೇಲೇ ಕೂರುತ್ತಾರೆ, ಮೇಲೆ ಗೋಡೆಯಲ್ಲಿ ಬೆಂಚು ಇವೆ. ಆದ್ದರಿಂದ ಪ್ರತಿ ಸೋಮವಾರ, ಬೇರೆ ಬಾಡಿಗೆ ಬಿಟ್ಟಾದರೂ, ಭಾಗಣ್ಣ ಖಾಲಿ ಗಾಡಿ ತಂದು ಕಚೇರಿಯ ಬಾಗಿಲಿಗೆ ಹಿಮ್ಮುಖವಾಗಿ ಹಚ್ಚುತ್ತಾನೆ. ಹಿಂದಿನ ಬಾಗಿಲು ತೆಗೆದಿಡುತ್ತಾನೆ. ಮುಂದಿನ ಸೀಟಿನಲ್ಲಿ ಕಾಕಾ ಬೆಲ್ಟು ಕಟ್ಟಿಕೊಂಡು ಕೂತಿರುತ್ತಾನೆ. ಕಚೇರಿಗೆ ಕೆಲಸಕ್ಕೆಂದು ಬಂದ ಮಂದಿ ಸುತ್ತ ನೆರೆಯುತ್ತಾರೆ, ಯಾಕೆ ಎಂದು ಕೇಳುತ್ತಾರೆ, ಭಾಗಣ್ಣ ಫೋನು ತೆಗೆದು ಐದೂ ಗೋಡೆ ತೋರಿಸುತ್ತಾನೆ. ಆಮೇಲೆ ಒಳಗೆ ಕೇಳುವ ಹಾಗೆ ಹಾರ್ನು ಒತ್ತುತ್ತಾನೆ.

“ತೊಂಬತ್ತಾರು ಬೆಂಚು ಒಯ್ಲಿಕ್ಕ ಬಂದೀವ್ರಿ, ನಾನೂ ಕಾಕಾನೂ! ಗೋದಾಮು ತಗೀರಿ!”