ಕಂಬಳಿ ಹೊದ್ದ ಬಸವ

ನಮ್ಮ ಗರಾಜಿನಲ್ಲಿ ಪೆಟ್ರೋಲಿನ ವಾಸನೆ ಹತ್ತಿಸಿಕೊಂಡ ಒಂದು ಕರಿ ಕಂಬಳಿಯಿದೆ. ಅದರಡಿ ಮಲಗಿರುವುದು ಹುಲ್ಲು ಕತ್ತರಿಸುವ ನನ್ನ ಪುಟ್ಟ ಟ್ರ್ಯಾಕ್ಟರು. ಈ ಪರದೇಶದಲ್ಲಿ, ಸರಟೋಗಾ ಎಂಬ ಊರಿನ ಗುಡ್ಡದಂಚಿನ ಮನೆಯ ಜೊತೆಗೇ ಬಂದ ಎಕರೆ ಹುಲ್ಲನ್ನು ಕಂಡು, ಎಂಜಿನಿಯರಾದ ನನಗೆ ಒಕ್ಕಲುತನದ ಹುಕಿ ಹತ್ತಿಬಿಟ್ಟಿತ್ತು, ನೋಡಿ. ಹಿಮ ಬೀಳದ ಊರಿನದೂ ಒಂದು ಚಳಿಯೇ ಎಂದು ನೀವು ನಗಬಹುದು. ಆದರೆ ಜನವರಿಯ ಇಬ್ಬನಿ ಹುಲ್ಲಿನ ಮೇಲೆ ಹರಳುಗಟ್ಟಿತೆಂದರೆ ನನ್ನ ಟ್ರ್ಯಾಕ್ಟರು ಸುಪ್ಪತ್ತಿಗೆ ಬಿಡಲೊಲ್ಲದ ಮಹಾರಾಜ. ಆದ್ದರಿಂದ ಸಂಜೆಯಾದೊಡನೆ ಅದರ ಬ್ಯಾಟರಿ ಬಿಚ್ಚಿ ತಂದು, ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ದೋಸೆಹಿಟ್ಟಿನ ಪಾತ್ರೆಯ ಮಗ್ಗುಲಿಗೆ ಇಡುತ್ತಿದ್ದೆ. ಚಳಿಯಲ್ಲಿ ಎರಡಕ್ಕೂ ಒಂದೇ ಕಾಯಿಲೆ.

ಎಂಬತ್ತರ ದಶಕದ ಆ ಚಳಿಗಾಲದಲ್ಲಿ, ಹೆಂಡತಿ ಸುಮಳ ಬಾಣಂತನಕ್ಕೆಂದು ಮಂಡ್ಯದ ಕಡೆಯಿಂದ ಅತ್ತೆ ಬಂದಿದ್ದರು. ಹೆರಿಗೆ ಇನ್ನೂ ದೂರವಿತ್ತು. ಮಾತಿಗೊಬ್ಬರು ಸಿಗದ ಬೀದಿಯನ್ನು ಕಿಟಕಿಯಿಂದ ನೋಡುತ್ತಾ, ಊರಿನಿಂದ ತಂದ ಕರಿ ಕಂಬಳಿ ಹೊದ್ದು ಕೂತು ಕೂತು ಅವರು ಸೊರಗಿಹೋದರು. ಸಂಕ್ರಾಂತಿ ಕಳೆದೊಡನೆ ಕಳುಹಿಸಿಬಿಡಿ ಎಂದು ಪಟ್ಟು ಹಿಡಿದರು.

“ದನ ಇಲ್ದಿರೋ ಮನೇಲಿ ಅದೆಂಥಾ ಸಂಕ್ರಾಂತಿ?” ಎಂದರು. ಸುಮ ಕಣ್ಣೊರೆಸಿಕೊಂಡಳು. ನಾನು ಎದೆ ಸೆಟೆಸಿ ಹೇಳಿಯೇಬಿಟ್ಟೆ: ನಮ್ಮ ಟ್ರ್ಯಾಕ್ಟರೇ ಬಸವ, ಅವನಿಗೇ ಕಿಚ್ಚು ಹಾಯಿಸೋಣ! ಹಬ್ಬದ ಸಂಜೆ ಸಿಂಗರಿಸಿದ ದನಗಳನ್ನು ಬೆಂಕಿ ದಾಟಿಸುವ ಸಡಗರವದು. ಆದರೆ ಪೆಟ್ರೋಲು ಕುಡಿಯುವ ಬಸವ ನಿಜವಾದ ಬೆಂಕಿ ದಾಟಿದರೆ ಸರಟೋಗಾಕ್ಕೆ ಸರಟೋಗಾವೇ ಕಿಚ್ಚು ಹಾಯಬೇಕಾದೀತೆಂದು ಹೆದರಿ, ಹಿತ್ತಲಿನ ಕಿತ್ತಳೆಯ ಸಿಪ್ಪೆ ಹರಡಿ ಅದನ್ನೇ ಕಿಚ್ಚೆನ್ನುವುದೆಂದು ಸುಮ ತೀರ್ಪು ಕೊಟ್ಟಳು.

ಹಬ್ಬದ ಸಂಜೆ ಹತ್ತಿರದ ಊರು ಯೂನಿಯನ್ ಸಿಟಿಯಿಂದ ಬಂದ ನಮ್ಮ ಕನ್ನಡದ ಗೆಳೆಯರೆಲ್ಲ ಎಳ್ಳುಬೆಲ್ಲ ಮೆಲ್ಲುತ್ತಾ ಸಾಲಾಗಿ ನಿಂತರು. ಬೆಚ್ಚಗಿದ್ದ ಬ್ಯಾಟರಿ ಜೋಡಿಸಿ ಠೀವಿಯಿಂದ ಕೀಲಿ ತಿರುಗಿಸಿದೆ. ಗರಗರ ಎಂದಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ಗರಗರ. ಮುಚ್ಚಳ ಎತ್ತಿದರೆ ಒಳಗೆಲ್ಲ ನೀರೋ ನೀರು! ಅತ್ತೆ ಮಧ್ಯಾಹ್ನವೇ ತೋಟದ ಪೈಪು ಹಿಡಿದು, ಬಸವನಿಗೆ ಒಳಗೂ ಹೊರಗೂ ಮೈ ತೊಳೆದು, ದೀಪಗಳಿಗೆ ಅರಿಸಿನ ಕುಂಕುಮ ಬಳಿದಿದ್ದರು.

“ಅಮ್ಮಾ, ಅದು ಮೆಷಿನ್ನು!” ಎಂದಳು ಸುಮ.

“ಮೈ ತೊಳೀದೆ ಯಾವ ಬಸವ ಕಿಚ್ಚು ಹಾಯ್ತದವ್ವಾ?”

ಎಲ್ಲರೂ ಗೊಳ್ಳೆಂದರು. ಅತ್ತೆಯ ಮುಖ ಮಾತ್ರ ಸಣ್ಣಗಾಯಿತು. ನೀರು ಒರೆಸಿ, ತೊಯ್ದ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಇದನ್ನು ಒಣಗಿಸಿ ಬೆಚ್ಚಗೆ ಮಾಡಿದರೆ ಸಾಕು ಎಂದೆ. “ಶೀತ ಆಗೈತೆ ಅಷ್ಟೇಯ, ಕೊಡಿ ಇಲ್ಲಿ” ಎಂದವರೇ ಅತ್ತೆ ಸೆರಗಿನಲ್ಲಿ ಒರೆಸಿ, ಅಡುಗೆಮನೆಗೆ ಓಡಿ, ದೋಸೆಕಾವಲಿಯ ಮೇಲೆ ಹೊರಳಿಸಿ ಹೊರಳಿಸಿ ಕಾಯಿಸಿ ತಂದರು. ಅದನ್ನು ಕೂರಿಸಿ ಕೀಲಿ ತಿರುಗಿಸಿದ್ದೇ ತಡ, ಬಸವ ಒಮ್ಮೆ ಕೆಮ್ಮಿ, ನೀಲಿ ಹೊಗೆ ಉಗುಳಿ, ಗುಡುಗುತ್ತಾ ಎದ್ದ! ಕಿತ್ತಳೆಯ ಕಿಚ್ಚು ಹಾಯ್ದೆವು. ಬಂದ ದಿನದಿಂದ ನಗದಿದ್ದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೊಯ್! ಹೊಯ್!” ಎಂದು ಕೇಕೆ ಹಾಕುತ್ತಾ ಹಿಂದೆ ಓಡಿ ಬಂದರು. ಬಿಸಿ ಬ್ಯಾಟರಿಯೊಂದಕ್ಕೇ ಬೇಕೆಂದುಕೊಂಡಿದ್ದ ನಾನು ಎಂಥ ಎಂಜಿನಿಯರು!

ಕತ್ತಲಾಗುತ್ತಲೇ ಅತ್ತೆ ತಾವು ಹೊದ್ದಿದ್ದ ಕಂಬಳಿ ತೆಗೆದು ಬಸವನಿಗೆ ಹೊದಿಸಿದರು. “ಇಂಥಾ ಚಳೀಲಿ ಇದ್ನ ನಿಮ್ ಕೈಗೆ ಬುಟ್ಟು ಹೋಗಕ್ಕಾಯ್ತದಾ ಅಳಿಯಂದ್ರೆ? ಮಗು ಬರಗಂಟ ಇಲ್ಲೇ ಇರ್ತೀನಿ ಬುಡಿ” ಎಂದರು. ಸುಮ ಅಮ್ಮನನ್ನು ತಬ್ಬಿಕೊಂಡು ಅತ್ತಳು, ನಕ್ಕಳು.

ಮಗುವಿನ ನಾಮಕರಣ ಮುಗಿಸಿ ಅತ್ತೆ ಊರಿಗೆ ಹೊರಟಾಗ ಕಂಬಳಿ ಇಲ್ಲೇ ಉಳಿಯಿತು. ಈಗಲೂ ಚಳಿಯ ಬೆಳಗ್ಗೆ ಅದನ್ನು ಸರಿಸುವ ಮೊದಲು ಟ್ರ್ಯಾಕ್ಟರಿನ ಬೆನ್ನು ಸವರಿ, “ಏಳಪ್ಪ ಬಸವ, ಅತ್ತೆ ಪೈಪು ಹಿಡ್ಕೊಂಡು ಬಂದ್ರು” ಎನ್ನುತ್ತೇನೆ. ಒಂದೇ ಸಲಕ್ಕೆ ಏಳುತ್ತದೆ.