ಪರದೆ ಎಳೆಯದ ಬೀದಿ

ಡಚ್ ಪಟ್ಟಣ ಹೂಫ್‌ಡಾರ್ಪ್‌ನ ನಮ್ಮ ಬಡಾವಣೆಯ ಭೂಗೋಳ, ಒಂಟಿಯಾಗಿರುವ ನೀಲಾಂಬಿಕಾ ಆಂಟಿಗೆ ಬಾಯಿಪಾಠ. ಹೊಸಬರಿಗೆ, "ಇದು ಬತ್ತಿಸಿದ ಕೆರೆ ಕಣ್ರೀ, ಸಮುದ್ರಕ್ಕಿಂತ ಕೆಳಗಿದೀವಿ" ಎಂದು ಹೆದರಿಸಿಯೇ ಕಾಫಿ ಕೊಡುತ್ತಾರೆ. ಇಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಸಂಜೆ ವಾಕಿಂಗ್‌ನಲ್ಲಿ ಕಿಟಕಿಗಳೊಳಗೆ ಕಂಡವರನ್ನು ಎಣಿಸುವುದೇ ಆಂಟಿಯ ಜನಗಣತಿ. ಮಗು ಹುಟ್ಟಿದ್ದೂ ಮುದುಕ ಹೋದದ್ದೂ ನಗರಸಭೆಗಿಂತ ಮೊದಲು ಅವರಿಗೆ ಗೊತ್ತು. ಆದರೂ ಲೆಕ್ಕದಲ್ಲಿ ಸದಾ ಒಬ್ಬರು ಕಡಿಮೆ. "ನಿಮ್ಮನ್ನೇ ಬಿಟ್ಟಿದೀರಲ್ಲ ಆಂಟಿ" ಎಂದೆ. "ನಮ್ಮನೆ ಕಿಟಕೀಲೂ ದಿನಾ ನೋಡ್ತೀನಪ್ಪ, ಯಾರೂ ಇರಲ್ಲ." ನಾನು ನಕ್ಕೆ, ಅವರು ನಗಲಿಲ್ಲ. "ನಾಳೆ ನೀವು ಒಳಗಿರಿ, ನಾನು ಎಣಿಸ್ತೀನಿ" ಎಂದೆ. ಮರುಸಂಜೆ ಅವರ ತೆರೆದ ಕಿಟಕಿಯ ಮುಂದೆ ನಿಂತೆ. ದೀಪ ಉರಿಯುತ್ತಿತ್ತು, ಕುರ್ಚಿ ಖಾಲಿಯಿತ್ತು. ಅದೇ ಕುರ್ಚಿಯಿಂದ ಅವರ ದನಿ ಕೇಳಿಸಿತು: "ಎಷ್ಟಾಯ್ತಪ್ಪ?" ಆ ಖಾಲಿ ಕುರ್ಚಿಯತ್ತ ನೋಡಿ ಒಂದು ಬೆರಳು ಮಡಚಿ, "ಒಬ್ರು, ಆಂಟಿ" ಎಂದೆ.