ಕಣದ ಮೂಲೆಯಲ್ಲಿ ಒಂದು ತರಗತಿ

ಸಿಗ್ನಲ್ ಹೋಗಬಹುದು. ಚಾರ್ಜ್ ಮುಗಿಯಬಹುದು. ಆನೆ ಓಡಿಸುವವರು ಪಟಾಕಿ ಸಿಡಿಸಬಹುದು. ನಾಯಿ ಬೊಗಳಬಹುದು, ನಾನು ಗದರಿದರೆ ಇನ್ನೂ ಜೋರಾಗಿ ಬೊಗಳಬಹುದು. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಸಾರಿಗೆ ಏನು ಹಾಕಲಿ ಎಂದು ಕೇಳಬಹುದು. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವ ಅರ್ಥಶಾಸ್ತ್ರದ ಬೇಡಿಕೆಯ ನಿಯಮವೇ ಮರೆತುಹೋಗಬಹುದು. ಮನೆಯಿಂದ ಮಾಡಬೇಕಿದ್ದ ಆನ್‌ಲೈನ್ ಪಾಠದ ಹಿಂದಿನ ದಿನ ಇದನ್ನೆಲ್ಲ ಹಾಳೆಯಲ್ಲಿ ಬರೆದು, ಒಂದೊಂದರ ಎದುರಿಗೂ ಪರಿಹಾರ ಬರೆದಿದ್ದೆ. ಆನೆಯ ಎದುರು ಮಾತ್ರ ಖಾಲಿ ಬಿಟ್ಟಿದ್ದೆ.

ಅದು ಕೊರೊನಾ ಕಾಲದ ಒಂದು ಜನವರಿ. ಮಕ್ಕಳು ಮನೆಯಲ್ಲಿದ್ದರೂ ಅಧ್ಯಾಪಕರು ಸಕಲೇಶಪುರದ ಕಾಲೇಜಿಗೇ ಬಂದು ಆನ್‌ಲೈನ್ ಪಾಠ ಮಾಡಬೇಕೆಂಬುದು ಪ್ರಿನ್ಸಿಪಾಲರ ಹಟ. ಅತ್ತೆಗೆ ಉಬ್ಬಸ. ದಿನಾ ಬಸ್ಸಿನಲ್ಲಿ ಓಡಾಡಿ ಅವರಿಗೆ ಏನನ್ನು ಹೊತ್ತು ತರುತ್ತೇನೋ ಎಂಬ ಭಯ ನನಗೆ. ಮನೆಯಿಂದಲೇ ಪಾಠ ಮಾಡುತ್ತೇನೆಂದು ಕೇಳಿಕೊಂಡಾಗ ಪ್ರಿನ್ಸಿಪಾಲರು, "ಒಂದು ಕ್ಲಾಸ್ ನಾನೂ ಕೂತು ಕೇಳ್ತೀನಿ ಮೇಡಂ. ಸರಿಯಾಗಿ ನಡೆದ್ರೆ ಮನೇಲೇ ಇರಿ," ಎಂದರು.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲೇ ಕುರ್ಚಿ ಹಾಕಿ, ಮಂಕರಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಫೋನ್ ನಿಲ್ಲಿಸಿದೆ. ಇಸ್ತ್ರಿ ಸೀರೆ, ಕಾಲಿಗೆ ಹವಾಯಿ ಚಪ್ಪಲಿ. ಕಾಲು ಕಾಣುವುದಿಲ್ಲವಲ್ಲ.

ಪಾಠ ಚೆನ್ನಾಗಿಯೇ ನಡೆಯಿತು, ನನ್ನ ಬಾಯಲ್ಲೇ ಹೇಳುತ್ತೇನೆ. ನಾಯಿ ಮಲಗಿತ್ತು. ಕಾಲೇಜಿನಲ್ಲಿ ಹಿಂದಿನ ಬೆಂಚು ಬಿಡದವರೂ ಪ್ರಶ್ನೆ ಕೇಳಿದರು. ಪ್ರಿನ್ಸಿಪಾಲರು ತಲೆಯಾಡಿಸುತ್ತಿದ್ದರು. ಕಾಲೇಜಿಗೇ ಬನ್ನಿ ಎನ್ನುವವರು ಅಂದು ಯಸಳೂರಿನ ತಮ್ಮ ಕಾಫಿ ತೋಟದ ಮನೆಯಲ್ಲೇ ಕೂತಿದ್ದರು.

ಆಗ ಎದುರಿಗೆ ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ನೆರಳು ಬಿತ್ತು. ತಲೆ ಎತ್ತಿದರೆ ಕಪ್ಪು ಮೋಡ. ಒಣಗುತ್ತಾ ಬಂದ ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ. ಮೈಕ್ ಆನ್ ಇರುವುದು ನೆನಪಾಗುವ ಮೊದಲೇ ಬಾಯಿ ತೆರೆದಿತ್ತು.

"ಅತ್ತೇ, ಮಳೆ ಬಂತು! ಟಾರ್ಪಾಲು ತನ್ನಿ, ಕಾಫಿ ರಾಶಿ ಮಾಡ್ತೀನಿ!"

ರಾಶಿ ಎಳೆದು, ಟಾರ್ಪಾಲು ಹೊದಿಸಿ ಬಂದು ನೋಡಿದರೆ ಪರದೆಯಲ್ಲಿ ಒಬ್ಬರೂ ಇಲ್ಲ. ಒಂದು ಚೌಕದಲ್ಲಿ ಖಾಲಿ ಕುರ್ಚಿ, ಇನ್ನೊಂದರಲ್ಲಿ ಬರೀ ಗೋಡೆ. ಎಲ್ಲಿಂದಲೋ, "ಬೇಗ ಬಾರವ್ವ, ಮೇಡಂ ಮಳೆ ಅಂತಾವ್ರೆ!" ಎಂಬ ಕೂಗು. ಅರ್ಧಕ್ಕರ್ಧ ಮಕ್ಕಳು ತಮ್ಮ ಕಣಕ್ಕೆ ಓಡಿದ್ದರು, ಉಳಿದವರು ಅಪ್ಪ ಅಮ್ಮ ಕೂಲಿಗೆ ಹೋಗುವ ಪಕ್ಕದ ಎಸ್ಟೇಟಿನ ಕಣಕ್ಕೆ. ಪ್ರಿನ್ಸಿಪಾಲರ ಕುರ್ಚಿಯೂ ಖಾಲಿ.

ನಾಳೆಯಿಂದ ಬಸ್ಸು ಗ್ಯಾರಂಟಿ ಎಂದುಕೊಂಡೆ.

ಹತ್ತು ನಿಮಿಷದ ನಂತರ ಮೊದಲು ಪರದೆಗೆ ಮರಳಿದವರು ಪ್ರಿನ್ಸಿಪಾಲರೇ, ಏದುಸಿರು ಬಿಡುತ್ತಾ, ಅಂಗಿಯ ತೋಳು ಮಡಚಿಕೊಂಡು.

"ನಮ್ಮಲ್ಲಿ ಒಂದು ಹನೀನೂ ಬೀಳ್ಲಿಲ್ಲ ಕಣ್ರೀ ಮೇಡಂ. ನಿಮ್ಮಲ್ಲಿ?"

"ಇಲ್ಲ ಸಾರ್."

"ಮನೇಲೇ ಇರಿ ಮಾರಾಯ್ರೆ, ಪಾಠ ಚೆನ್ನಾಗೈತೆ. ಮೋಡ ನೋಡೋದು ಮಾತ್ರ ನಿಮ್ಮತ್ತೆಗೆ ಬಿಡಿ."

ಅಷ್ಟರಲ್ಲಿ ಬಿಸಿಲು ಮರಳಿತ್ತು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು.

"ಬರೀ ನೆರಳು ಕಣೇ. ಕೂಗಿದ್ದು ನೀನು, ಹರಡೋದೂ ನೀನೇ."

ಉಳಿದ ಪಾಠ ಮುಗಿಸಿ, ಇಸ್ತ್ರಿ ಸೀರೆ ಎತ್ತಿ ಕಟ್ಟಿ, ಅಷ್ಟೂ ಕಾಫಿಯನ್ನು ಮತ್ತೆ ಹರಡಿದೆ.